ಕೂಸಿನ ಕಿವಿಗೆ ಮಷಿನ್: ಮನೆ ಮಂದಿ ಏನಂತಾರೆ?

ಹೋದ ಸೆಮಿಸ್ಟರ್ ಪರೀಕ್ಷೆ ಮುಗಿದ ಮರುದಿನವೇ ನಾವು ನಾಲ್ಕು ಜನ ಗೆಳೆಯರು ಬ್ಯಾಗ್ ಹೆಗಲಿಗೇರಿಸಿ ಪಾಮನಕಲ್ಲೂರಿಗೆ ಹೊರಟೆವು. ನಮ್ಮ ಕ್ಲಾಸ್‌ಮೇಟ್ ಒಬ್ಬನ ಊರು ಅದು. ರಾಯಚೂರು ಜಿಲ್ಲೆ, ಮೊದಲು ಲಿಂಗಸುಗೂರು ತಾಲ್ಲೂಕು, ಈಗ ಮಸ್ಕಿ ತಾಲ್ಲೂಕು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ನೋಡೋದು, ಹಟ್ಟಿ ಚಿನ್ನದ ಗಣಿಯನ್ನು ದೂರದಿಂದಾದರೂ ನೋಡೋದು, ಗೆಳೆಯನ ಮನೆಯಲ್ಲಿ ಕಟಕ್ ರೊಟ್ಟಿ, ಶೇಂಗಾ ಹಿಂಡಿ ಹೊಡೆಯೋದು, ಇಷ್ಟೇ ನಮ್ಮ ಪ್ಲಾನ್.

ಆದರೆ ಆ ಎರಡು ದಿನ ನಾವು ಹೆಚ್ಚು ನೋಡಿದ್ದು ಗೆಳೆಯನ ಅಣ್ಣನ ಮಗನನ್ನು. ಮೂರೂವರೆ ವರ್ಷದ ಹುಡುಗ. ಅವನ ಬಲಗಿವಿಯ ಹಿಂದೆ ಒಂದು ಪುಟ್ಟ ಯಂತ್ರ, ಅದರಿಂದ ಹೊರಟ ಸಣ್ಣ ವೈರು, ವೈರಿನ ತುದಿಯಲ್ಲಿ ತಲೆಗೆ ಅಂಟಿಕೊಂಡ ಒಂದು ದುಂಡು ಬಿಲ್ಲೆ. ಕಾಕ್ಲಿಯರ್ ಇಂಪ್ಲಾಂಟ್. ವರ್ಷದ ಹಿಂದೆ ಆಪರೇಷನ್ ಆಗಿತ್ತು.

ನಾವು ಎಂಜಿನಿಯರಿಂಗ್ ಹುಡುಗರಲ್ಲವೇ? ನೋಡಿದ ತಕ್ಷಣ ಶುರು ಮಾಡಿದೆವು. ಎಷ್ಟು ಎಲೆಕ್ಟ್ರೋಡ್? ಬ್ಯಾಟರಿ ಯಾವುದು? ಡೇಟಾ ಒಳಗೆ ಹೇಗೆ ಹೋಗುತ್ತೆ? ಗೆಳೆಯನ ಅತ್ತಿಗೆ ಸ್ವಲ್ಪ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ತಮ್ಮಾ, ನೀವು ಓದಿದವ್ರು ಅದೀರಿ. ಇದನ್ನ ಹಾಕ್ಕೊಂಡು ಸಾಲಿಗೆ ಹೋದ್ರ ಹುಡ್ಗುರು ಜಗ್ಗಂಗಿಲ್ಲೇನು? ನಗಂಗಿಲ್ಲೇನು?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಯಾವ ಸಿಲಬಸ್‌ನಲ್ಲೂ ಆ ಪ್ರಶ್ನೆ ಇರಲಿಲ್ಲ. ಕಾಲೇಜಿಗೆ ವಾಪಸ್ ಬಂದ ಮೇಲೆ ಓದಿ, ಕೇಳಿ, ಚರ್ಚೆ ಮಾಡಿ ನಾವು ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಮೊದಲು ಯಂತ್ರದ ವಿಷಯ

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಕೊಳವೆ ಇದೆ, ಅದೇ ಕಾಕ್ಲಿಯ. ಸುಮಾರು ಎರಡೂವರೆ ಸುತ್ತು, ಬಿಡಿಸಿದರೆ ಸುಮಾರು 35 ಮಿಲಿಮೀಟರ್ ಉದ್ದ. ಅದರೊಳಗೆ ಸಾಲಾಗಿ ಸಣ್ಣ ಕೂದಲಿನಂಥ ಕೋಶಗಳಿವೆ. ಮಿದುಳಿಗೆ ಶಬ್ದದ ಸುದ್ದಿ ಮುಟ್ಟಿಸುವ ಒಳಸಾಲಿನ ಕೋಶಗಳೇ ಸುಮಾರು 3,500. ಬಾಗಿಲ ಬಳಿಯ ಕೋಶಗಳು ಕೀಚಲು ಧ್ವನಿಗೆ, ಸುರುಳಿಯ ತುದಿಯವು ದಪ್ಪ ಧ್ವನಿಗೆ ಸ್ಪಂದಿಸುತ್ತವೆ. ಅಂದರೆ ದೇವರು ನಮಗೆಲ್ಲ ಹುಟ್ಟುತ್ತಲೇ ಒಂದು ಫ್ರೀಕ್ವೆನ್ಸಿ ಅನಲೈಸರ್ ಕೊಟ್ಟು ಕಳಿಸಿದ್ದಾನೆ ಎನ್ನಿ.

ಈ ಕೋಶಗಳು ಕೆಲಸ ಮಾಡದಿದ್ದರೆ ಸಾಮಾನ್ಯ ಶ್ರವಣ ಸಾಧನದಿಂದ ಹೆಚ್ಚು ಉಪಯೋಗವಿಲ್ಲ. ಅದು ಶಬ್ದವನ್ನು ದೊಡ್ಡದು ಮಾಡುತ್ತದೆ ಅಷ್ಟೇ. ಕೇಳುವವರೇ ಇಲ್ಲದ ಮನೆಯ ಮುಂದೆ ಎಷ್ಟು ಜೋರಾಗಿ ಕೂಗಿದರೇನು? ಕಾಕ್ಲಿಯರ್ ಇಂಪ್ಲಾಂಟ್ ಆ ಕೋಶಗಳನ್ನು ದಾಟಿ ಸೀದಾ ಶ್ರವಣ ನರಕ್ಕೇ ಕರೆಂಟು ಕೊಡುತ್ತದೆ.

ಹೊರಗಿನ ಮೈಕ್ ಶಬ್ದವನ್ನು ಹಿಡಿಯುತ್ತದೆ. ಪ್ರೊಸೆಸರ್ ಅದನ್ನು ಬ್ಯಾಂಡ್‌ಪಾಸ್ ಫಿಲ್ಟರ್‌ಗಳಲ್ಲಿ ಸೋಸಿ, ಪ್ರತಿ ಬ್ಯಾಂಡಿನ ಎನ್ವಲಪ್ ತೆಗೆದು, ಕುಗ್ಗಿಸಿ, ಪಲ್ಸ್‌ಗಳಾಗಿ ಮಾಡುತ್ತದೆ. ತಲೆಗೆ ಅಂಟಿದ ಬಿಲ್ಲೆಯಲ್ಲಿ ಒಂದು ಕಾಯಿಲ್, ಚರ್ಮದ ಒಳಗೆ ಇನ್ನೊಂದು ಕಾಯಿಲ್. ಎರಡನ್ನೂ ಎದುರುಬದುರಾಗಿ ನಿಲ್ಲಿಸೋದು ಆಯಸ್ಕಾಂತ. ನಿಮ್ಮ ಫೋನಿನ ವೈರ್‌ಲೆಸ್ ಚಾರ್ಜಿಂಗ್ ಹಾಗೆಯೇ ಇಂಡಕ್ಟಿವ್ ಕಪ್ಲಿಂಗ್. ಡೇಟಾವೂ, ಒಳಗಿನ ಸರ್ಕಿಟ್‌ಗೆ ಬೇಕಾದ ಪವರ್ರೂ ಚರ್ಮ ದಾಟಿ ಹೋಗುತ್ತವೆ. ಹೀಗಾಗಿ ತಲೆಯೊಳಗೆ ಬ್ಯಾಟರಿ ಇಲ್ಲ. ಎಲೆಕ್ಟ್ರೋಡ್‌ಗಳಿಗೆ ಹೋಗುವ ಪ್ರತಿ ಪಲ್ಸಿಗೂ ಪಾಸಿಟಿವ್ ಭಾಗ, ನೆಗೆಟಿವ್ ಭಾಗ ಎರಡೂ ಸಮ ಸಮ ಇರುತ್ತವೆ. ಏಕೆಂದರೆ ಒಂದೇ ದಿಕ್ಕಿನ ಕರೆಂಟು ಒಳಗಿನ ದ್ರವದಲ್ಲಿ ರಾಸಾಯನಿಕ ಕ್ರಿಯೆ ಹುಟ್ಟಿಸಿ ಅಂಗಾಂಶವನ್ನು ಕೆಡಿಸುತ್ತದೆ.

ಇದರ ಹಿಂದೆ ಹಲವರ ದುಡಿಮೆ ಇದೆ. ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಅವರ ತಂದೆಗೇ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಸುರುಳಿಯೊಳಗೆ ತಂತಿಯನ್ನು ತೂರಿಸೋದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದ ಅವರು 1977ರಲ್ಲಿ ಸಮುದ್ರದ ದಂಡೆಯಲ್ಲಿ ಒಂದು ಚಿಪ್ಪಿನೊಳಗೆ ಹುಲ್ಲಿನ ಕಡ್ಡಿಗಳನ್ನು ತೂರಿಸಿ ನೋಡಿದರು. ಬುಡದ ಕಡೆ ಗಟ್ಟಿ, ತುದಿಯ ಕಡೆ ಮೆತ್ತಗೆ ಇದ್ದ ಕಡ್ಡಿ ಸಲೀಸಾಗಿ ಒಳಹೊಕ್ಕಿತು. 1978ರಲ್ಲಿ ಅವರ ಮೊದಲ ರೋಗಿಗೆ ಆಪರೇಷನ್ ಆಯಿತು. ಅವರಿಗೂ, ಇಂಗೆಬೋರ್ಗ್ ಹೋಕ್‌ಮೈರ್ ಮತ್ತು ಬ್ಲೇಕ್ ವಿಲ್ಸನ್ ಅವರಿಗೂ 2013ರಲ್ಲಿ ಲಾಸ್ಕರ್ ಪ್ರಶಸ್ತಿ ಒಟ್ಟಿಗೆ ಬಂತು.

ಈಗ ಒಂದು ಲೆಕ್ಕ ಮಾಡಿ. 3,500 ಕೋಶ ಮಾಡುವ ಕೆಲಸವನ್ನು ಸುಮಾರು ಇಪ್ಪತ್ತು ಎಲೆಕ್ಟ್ರೋಡ್ ಮಾಡಬೇಕು. ಉಳಿದದ್ದನ್ನು ಯಾರು ತುಂಬುತ್ತಾರೆ? ಮಿದುಳು. ಮಿದುಳಿಗೆ ಯಾರು ಕಲಿಸುತ್ತಾರೆ? ಮನೆ ಮಂದಿ. ಇಲ್ಲಿಂದ ಮುಂದೆ ನಮ್ಮ ಲೇಖನದ ನಿಜವಾದ ವಿಷಯ.

"ಯಾರ ಕಡೆಯಿಂದ ಬಂತು?"

ಮಗುವಿಗೆ ಕಿವಿ ಕೇಳಲ್ಲ ಎಂದು ಗೊತ್ತಾದಾಗ ಬಂಧುಗಳು ಮೊದಲು ಕೇಳಿದ್ದು "ಏನು ಮಾಡೋಣ" ಅಂತ ಅಲ್ಲವಂತೆ. "ಯಾರ ಕಡೆಯಿಂದ ಬಂತು" ಅಂತ. ಅತ್ತಿಗೆ ಹೇಳಿದರು: "ನಮ್ಮ ಮನ್ಯಾಗ ಯಾರೂ ಹಿಂಗ ಇದ್ದಿಲ್ಲ ಅಂದ್ರು. ಗ್ರಹಣದಾಗ ಹೊರಗ ಬಂದಿದ್ದೇನು ಅಂದ್ರು. ನಾನು ಅತ್ಕೊಂತ ಕುಂತೆ."

ಇಲ್ಲಿ ಬಯಾಲಜಿ ಸ್ವಲ್ಪ ನೆನಪಿಸಿಕೊಳ್ಳೋಣ. ಹುಟ್ಟುಗಿವುಡಿಗೆ ಕಾರಣ ಹಲವು: ಗರ್ಭದಲ್ಲಿ ತಾಯಿಗೆ ತಗುಲುವ ಕೆಲವು ಸೋಂಕು, ತೀರಾ ಅವಧಿಗೆ ಮುಂಚಿನ ಹೆರಿಗೆ, ಹುಟ್ಟಿದ ಮೇಲೆ ವಿಪರೀತ ಕಾಮಾಲೆ, ಜೀನಿನ ದೋಷ. ಜೀನಿನಿಂದ ಬರುವ ಕಿವುಡಿನಲ್ಲಿ ಹೆಚ್ಚಿನವು ರಿಸೆಸಿವ್. ಅಂದರೆ ತಂದೆ ತಾಯಿ ಇಬ್ಬರಲ್ಲೂ ಒಂದೊಂದು ದೋಷದ ಪ್ರತಿ ಇರಬೇಕು, ಇಬ್ಬರಿಗೂ ಕಿವಿ ಚೆನ್ನಾಗೇ ಕೇಳುತ್ತಿರುತ್ತದೆ. ಎರಡೂ ಪ್ರತಿ ಮಗುವಿಗೆ ಬರುವ ಸಾಧ್ಯತೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಸಂಬಂಧ ಮಾಡುವ ನಮ್ಮ ಕಡೆ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಹೆಚ್ಚು. ಅಂದಮೇಲೆ "ನಿನ್ನ ಕಡೆಯಿಂದ" ಎಂದು ಸೊಸೆಯತ್ತ ಬೆರಳು ತೋರಿಸೋದು ಮನುಷ್ಯತ್ವದ ದೃಷ್ಟಿಯಿಂದಷ್ಟೇ ಅಲ್ಲ, ಗಣಿತದ ದೃಷ್ಟಿಯಿಂದಲೂ ತಪ್ಪು. ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಈ ಜಗಳದಲ್ಲಿ ಕಳೆದುಹೋಗುವುದು ಸಮಯ. ಭಾಷೆ ಕಲಿಯುವ ಮಿದುಳಿನ ಶಕ್ತಿ ಮೊದಲ ಕೆಲವು ವರ್ಷಗಳಲ್ಲಿ ಹೆಚ್ಚು. ಆಮೇಲೆ ಆ ಬಾಗಿಲು ನಿಧಾನಕ್ಕೆ ಮುಚ್ಚುತ್ತಾ ಬರುತ್ತದೆ. "ಅವರಪ್ಪನೂ ತಡವಾಗೇ ಮಾತಾಡಿದ್ದ, ಬರ್ತಾವು ಬಿಡು" ಎಂದು ಹಿರಿಯರು ಪ್ರೀತಿಯಿಂದ ಹೇಳುವ ಒಂದು ಮಾತಿಗೆ ಒಂದು ವರ್ಷ ಹೋಗಿಬಿಡುತ್ತದೆ. ಈ ಮನೆಯಲ್ಲೂ ಹೋಗಿತ್ತು. ಕೊನೆಗೆ ಗುರುತಿಸಿದ್ದು ಅಂಗನವಾಡಿಗೆ ಬಂದ ತಪಾಸಣಾ ತಂಡ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ನೋಡುವ ತೊಂದರೆಗಳ ಪಟ್ಟಿಯಲ್ಲಿ ಹುಟ್ಟುಗಿವುಡೂ ಇದೆ. ಆಮೇಲೆ ಬೆರಾ ಎಂಬ ಪರೀಕ್ಷೆ. ಮಗು ನಿದ್ದೆಯಲ್ಲಿರುವಾಗಲೇ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದಕ್ಕೆ ನರ ಸ್ಪಂದಿಸುತ್ತದೋ ಇಲ್ಲವೋ ನೋಡುತ್ತಾರೆ.

ಯಂತ್ರದ ಬೆಲೆ ಲಕ್ಷಗಟ್ಟಲೆ. ಎರಡೆಕರೆ ಹೊಲದ ಮನೆಗೆ ಅದು ಆಗದ ಮಾತು. ಆದರೆ ಕೇಂದ್ರ ಸರ್ಕಾರದ ಎಡಿಪ್ ಯೋಜನೆ, ನಮ್ಮ ರಾಜ್ಯದ ಶ್ರವಣ ಸಂಜೀವಿನಿ ಯೋಜನೆಗಳಲ್ಲಿ ಚಿಕ್ಕ ಮಕ್ಕಳಿಗೆ ಇದು ಉಚಿತವಾಗಿ ಸಿಗುವ ಅವಕಾಶ ಇದೆ. ಇವುಗಳಿಗೆ ವಯಸ್ಸಿನ ಮಿತಿ ಇದೆ ಅನ್ನೋದನ್ನ ಮರೆಯಬೇಡಿ. ನಿಮ್ಮ ಊರಲ್ಲಿ ಅಂಥ ಮಗು ಇದ್ದರೆ ಈ ಎರಡು ಹೆಸರು ಹೇಳಿ ಬನ್ನಿ. ಅಷ್ಟೇ ದೊಡ್ಡ ಸಹಾಯ.

"ಮಷಿನ್ ಹಾಕ್ಸಿದ್ರ ಮಾತು ಬರ್ತೈತಿ"

ಆಪರೇಷನ್ ಆಗಿ ಕೆಲವು ವಾರ ಬಿಟ್ಟು ಹೊರಗಿನ ಯಂತ್ರ ಜೋಡಿಸಿ ಆನ್ ಮಾಡುತ್ತಾರೆ. ಇದನ್ನೇ ಸ್ವಿಚ್ ಆನ್ ಅನ್ನೋದು. ನಾವೆಲ್ಲ ಮೊಬೈಲಿನಲ್ಲಿ ನೋಡಿದ ವಿಡಿಯೋಗಳಲ್ಲಿ ಮಗು ಅಮ್ಮನ ದನಿ ಕೇಳಿ ನಗುತ್ತದೆ, ಎಲ್ಲರ ಕಣ್ಣಲ್ಲೂ ನೀರು. ಈ ಮನೆಯವರೂ ಅದನ್ನೇ ನಿರೀಕ್ಷೆ ಮಾಡಿ ಹೋಗಿದ್ದರು. ಹುಡುಗ ಮಾತ್ರ ಹೆದರಿ ಚೀರಿ ಬಿಲ್ಲೆ ಕಿತ್ತು ಒಗೆದ.

ಅದು ತಪ್ಪಲ್ಲ, ಹಲವು ಮಕ್ಕಳು ಹಾಗೇ ಮಾಡುತ್ತಾರೆ. ಹುಟ್ಟಿದಾಗಿನಿಂದ ನಿಶ್ಶಬ್ದದಲ್ಲಿದ್ದ ಮಿದುಳಿಗೆ ಅದು ಅಮ್ಮನ ದನಿ ಅಲ್ಲ, ಏನೋ ಹೊಸ ಗಲಾಟೆ. ಕೇಳೋದನ್ನ ಕಲಿಯಬೇಕು, ಆಮೇಲೆ ಅರ್ಥ ಮಾಡಿಕೊಳ್ಳೋದನ್ನ, ಆಮೇಲೆ ಮಾತಾಡೋದನ್ನ. ಕೇಳಲು ಶುರು ಮಾಡಿದ ದಿನವೇ ಆ ಮಗುವಿನ ಕಿವಿಯ ಹುಟ್ಟುಹಬ್ಬ ಎಂದುಕೊಳ್ಳಿ. ಮೂರೂವರೆ ವರ್ಷದ ಹುಡುಗನಾದರೂ ಅವನ ಕಿವಿಗೆ ಈಗ ಒಂದೇ ವರ್ಷ. ಆದರೆ ಊರಿನ ಮಂದಿಗೆ ಈ ಲೆಕ್ಕ ಯಾರು ಹೇಳಬೇಕು? "ಅಷ್ಟು ದೊಡ್ಡ ಆಪರೇಷನ್ ಮಾಡ್ಸೀರಿ, ಇನ್ನೂ ಮಾತಾಡವಲ್ಲ" ಎಂದು ಬಂದವರೆಲ್ಲ ಅಂತಾರಂತೆ.

ಮ್ಯಾಪಿಂಗ್ ಎಂಬ ಇನ್ನೊಂದು ಕೆಲಸ ಇದೆ. ಪ್ರತಿ ಎಲೆಕ್ಟ್ರೋಡಿಗೂ ಎಷ್ಟು ಕರೆಂಟಿಗೆ ಶಬ್ದ ಕೇಳಲು ಶುರುವಾಗುತ್ತದೆ, ಎಷ್ಟಕ್ಕೆ ಸಾಕಾಗುತ್ತದೆ ಎಂದು ಹೊಂದಿಸಬೇಕು. ಮಗು ಬಾಯಿಬಿಟ್ಟು ಹೇಳಲ್ಲ. ಅದಕ್ಕೇ ಆಡಿಯಾಲಜಿಸ್ಟ್ ತಾಯಿಯನ್ನು ಕೇಳುತ್ತಾರೆ: ಬಾಗಿಲು ಬಡಿದರೆ ತಿರುಗುತ್ತಾನಾ? ಕುಕ್ಕರ್ ಸೀಟಿಗೆ ಕಣ್ಣು ಮಿಟುಕಿಸುತ್ತಾನಾ? ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಈ ಕಂಟ್ರೋಲ್ ಸಿಸ್ಟಮ್‌ನಲ್ಲಿ ಫೀಡ್‌ಬ್ಯಾಕ್ ಸೆನ್ಸರ್ ತಾಯಿಯೇ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಜೊತೆಗೆ ತಾಯಂದಿರಿಗೂ ತರಬೇತಿ ಕೊಡೋದು ಇದಕ್ಕೇ.

ಲಾಗ್ ಹೇಳಿದ ಕಥೆ

ಈಗ ನಮ್ಮನ್ನು ತುಂಬ ಕಾಡಿದ ವಿಷಯ. ಇಂದಿನ ಪ್ರೊಸೆಸರ್‌ಗಳಲ್ಲಿ ಡೇಟಾ ಲಾಗಿಂಗ್ ಇರುತ್ತದೆ. ದಿನಕ್ಕೆ ಎಷ್ಟು ಗಂಟೆ ಯಂತ್ರ ತಲೆಗೆ ಅಂಟಿತ್ತು ಅನ್ನೋದು ಅದರಲ್ಲಿ ದಾಖಲಾಗುತ್ತದೆ. ಒಮ್ಮೆ ಮ್ಯಾಪಿಂಗಿಗೆ ಹೋದಾಗ ಕಂಪ್ಯೂಟರಿನಲ್ಲಿ ಸರಾಸರಿ ನಾಲ್ಕು ಗಂಟೆ ಎಂದು ಬಂತು. ಹುಡುಗ ಎಚ್ಚರ ಇರೋದು ಹನ್ನೆರಡು ಗಂಟೆ. "ಯಾಕಮ್ಮ, ಹಾಕಲ್ವಾ?" ಎಂದು ಅತ್ತಿಗೆಗೆ ಬೈಸಿಕೊಳ್ಳಬೇಕಾಯಿತು.

ಅತ್ತಿಗೆ ಬೆಳಿಗ್ಗೆ ಹಾಕಿಯೇ ಹೊಲಕ್ಕೆ ಹೋಗುತ್ತಿದ್ದರು. ತೆಗೆಯುತ್ತಿದ್ದವರು ಅಜ್ಜಿ. ಯಾರಾದರೂ ಬಂದರೆ ತೆಗೆದು ಗೂಡಿನಲ್ಲಿಡೋದು, ಓಣಿಗೆ ಆಡಲು ಬಿಡುವಾಗ ತೆಗೆಯೋದು, ಜಾತ್ರೆ, ಮದುವೆಗೆ ಹೊರಟರೆ ಕುಲಾಯಿ ಕಟ್ಟೋದು. ನಾವು ಮೆಲ್ಲಗೆ ಕೇಳಿದೆವು. ಅಜ್ಜಿಗೆ ಸಿಟ್ಟು ಬರಲಿಲ್ಲ. "ನೋಡ್ರಪ, ಮಂದಿ ಕಣ್ಣು ಕೆಟ್ಟದ್ದು. ಮಷಿನ್ ಹುಡುಗ ಅಂತ ಹೆಸರು ಇಟ್ಟುಬಿಡ್ತಾರ. ನಾಳೆ ಹೆಣ್ಣು ಯಾರು ಕೊಡ್ತಾರ? ಮತ್ತ ಬಿದ್ದು ಒಡೀತಂದ್ರ ತರಾಕ ರೊಕ್ಕ ಎಲ್ಲೈತಿ?" ಅಂದರು.

ಯೋಚಿಸಿ ನೋಡಿ, ಅಜ್ಜಿಯ ಪ್ರತಿ ಮಾತಿನ ಹಿಂದೆ ಇರೋದು ಮೊಮ್ಮಗನ ಮೇಲಿನ ಜೀವ. ಕೊನೆಯ ಮಾತಂತೂ ಪೂರ್ತಿ ನಿಜ. ಒಳಗಿನ ಭಾಗ ಹತ್ತಾರು ವರ್ಷ ಬಾಳುವಂತೆ ಮಾಡಿದ್ದು. ಹೊರಗಿನ ವೈರು, ಕಾಯಿಲ್, ಬ್ಯಾಟರಿ ಹಾಗಲ್ಲ. ರಾಯಚೂರು ಕಡೆಯ ಬೇಸಿಗೆಯಲ್ಲಿ ಮಗುವಿನ ಬೆವರು ಯಂತ್ರಕ್ಕೆ ಇಳಿಯುತ್ತದೆ, ದಿನಾ ರಾತ್ರಿ ತೇವ ಹೀರುವ ಡಬ್ಬಿಯಲ್ಲಿಡಬೇಕು. ವಾರಂಟಿ ಮುಗಿದ ಮೇಲೆ ಒಂದು ಸಣ್ಣ ಬಿಡಿಭಾಗವೂ ಕೂಲಿಯವರ ಎಷ್ಟೋ ದಿನದ ದುಡಿಮೆ. ಅತ್ತ ಗೆಳೆಯನ ಅಣ್ಣನಿಗೆ ಇನ್ನೊಂದು ಚಿಂತೆ. ಮಳೆ ಕೈಕೊಟ್ಟರೆ ಬೆಂಗಳೂರಿಗೆ ಗುಳೆ ಹೋಗಬೇಕು. ಹೋದರೆ ತೆರಪಿ ತಪ್ಪುತ್ತದೆ, ಹೋಗದಿದ್ದರೆ ಹೊಟ್ಟೆಗಿಲ್ಲ.

ಆದರೆ ತೆಗೆದಿಟ್ಟ ಒಂದೊಂದು ಗಂಟೆಯೂ ಆ ಹುಡುಗ ಭಾಷೆಯಿಂದ ಹೊರಗೆ ಕೂತ ಗಂಟೆ. ಓಣಿಯಲ್ಲಿ ಆಡುವಾಗಲೇ ಅಲ್ಲವೇ ನಾವೆಲ್ಲ ಹೆಚ್ಚು ಮಾತು ಕಲಿತದ್ದು?

ಎದೆಯೊಳಗಿನ ಯಂತ್ರ, ಮನೆಯೊಳಗಿನ ಭಯ

ಅದೇ ಓಣಿಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಒಬ್ಬ ಹಿರಿಯರಿದ್ದಾರೆ. ಅವರ ಕಷ್ಟ ತದ್ವಿರುದ್ಧ. ಯಂತ್ರ ಯಾರಿಗೂ ಕಾಣಲ್ಲ, ಆದರೆ ಮಕ್ಕಳು ಅವರನ್ನು ಏನೂ ಮುಟ್ಟಲು ಬಿಡಲ್ಲ. ಫೋನ್ ಬೇಡ, ಟಿವಿ ಹತ್ತಿರ ಬೇಡ, ಗಿರಣಿಗೆ ಬೇಡ, ಹೊಲಕ್ಕಂತೂ ಬೇಡವೇ ಬೇಡ. "ಜೀವ ಉಳಿಸ್ಯಾರ, ಕಟ್ಟಿಗೆ ಕುಂದ್ರಿಸ್ಯಾರ" ಎಂದು ನಕ್ಕರು.

ಪೇಸ್‌ಮೇಕರಿನ ಚರಿತ್ರೆಯಲ್ಲೇ ಮನೆ ಮಂದಿಯ ದೊಡ್ಡ ಪಾತ್ರ ಇದೆ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಎಂಬವರಿಗೆ ದಿನಕ್ಕೆ 20–30 ಸಲ ಹೃದಯ ನಿಂತಂತಾಗಿ ಪ್ರಜ್ಞೆ ತಪ್ಪುತ್ತಿತ್ತು. ಅವರ ಹೆಂಡತಿ ಎಲ್ಸ್ ಮಾರೀ, ಸರ್ಜನ್ ಓಕೆ ಸೆನ್ನಿಂಗ್ ಮತ್ತು ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರ ಬೆನ್ನು ಬಿಡಲಿಲ್ಲ. ಮನುಷ್ಯರಿಗೆ ಹಾಕುವಂಥದ್ದು ಇನ್ನೂ ತಯಾರಿಲ್ಲ ಎಂದರೂ ಕೇಳಲಿಲ್ಲ. ಎಲ್ಮ್‌ಕ್ವಿಸ್ಟ್ ಸರ್ಕಿಟನ್ನು ಬೂಟ್ ಪಾಲಿಶ್ ಡಬ್ಬಿಯ ಅಚ್ಚಿನಲ್ಲಿ ಎಪಾಕ್ಸಿ ಹೊಯ್ದು ತಯಾರಿಸಿದರು. ಅಕ್ಟೋಬರ್ 8ರಂದು ಮೈಯೊಳಗೆ ಇಟ್ಟರು. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಆದರೆ ಲಾರ್ಸನ್ ಮುಂದೆ ಒಟ್ಟು 26 ಪೇಸ್‌ಮೇಕರ್ ಬದಲಿಸಿಕೊಂಡು 2001ರವರೆಗೆ, 86 ವರ್ಷ ಬದುಕಿದರು. ಯಂತ್ರ ಮಾಡಿದವರೂ ಆಪರೇಷನ್ ಮಾಡಿದವರೂ ಅವರಿಗಿಂತ ಮೊದಲೇ ತೀರಿಕೊಂಡರು.

ಹಾಗಾದರೆ ಭಯ ಎಷ್ಟು ಬೇಕು? ಸಾಮಾನ್ಯ ಸಲಹೆ ಇಷ್ಟು: ಮೊಬೈಲನ್ನು ಯಂತ್ರದಿಂದ 15 ಸೆಂಟಿಮೀಟರ್ ದೂರ ಇಡಬೇಕು, ಇನ್ನೊಂದು ಬದಿಯ ಕಿವಿಗೆ ಹಿಡಿಯಬೇಕು, ಎದೆಯ ಜೇಬಿನಲ್ಲಿ ಇಡಬಾರದು. ಇಂಡಕ್ಷನ್ ಒಲೆಯಿಂದ 60 ಸೆಂಟಿಮೀಟರ್ ದೂರ ಇರಬೇಕು. ಟಿವಿ, ಫ್ಯಾನು, ಮಿಕ್ಸಿಗೆ ಹೆದರಬೇಕಿಲ್ಲ. ವೆಲ್ಡಿಂಗ್, ದೊಡ್ಡ ಮೋಟರು, ಎಂಆರ್‌ಐ ವಿಷಯಕ್ಕೆ ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು, ಯಂತ್ರದ ಕಾರ್ಡು ಸದಾ ಜೊತೆಗಿರಬೇಕು. ಇನ್ನೊಂದು ವಿಷಯ ಮನೆಯಲ್ಲಿ ಯಾರೂ ಬಾಯಿಗೆ ತರಲ್ಲ, ಆದರೂ ಗೊತ್ತಿರಬೇಕು: ಹೆಣ ಸುಡುವ ಪದ್ಧತಿಯವರು ಮೊದಲೇ ಪೇಸ್‌ಮೇಕರ್ ತೆಗೆಸಬೇಕು, ಬೆಂಕಿಯಲ್ಲಿ ಅದರ ಬ್ಯಾಟರಿ ಸಿಡಿಯುತ್ತದೆ.

ಬೇಡ ಅನ್ನುವವರ ಮಾತೂ ಕೇಳೋಣ

ಇಂಪ್ಲಾಂಟ್ ಬೇಡ ಅನ್ನುವವರೆಲ್ಲ ತಿಳಿಯದವರಲ್ಲ. ಅಮೆರಿಕದ ಕಿವುಡರ ರಾಷ್ಟ್ರೀಯ ಸಂಘ 1991ರಲ್ಲಿ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕುವುದನ್ನು ವಿರೋಧಿಸಿತ್ತು. ನಮಗೆ ನಮ್ಮದೇ ಸನ್ನೆ ಭಾಷೆ ಇದೆ, ಬಳಗ ಇದೆ, ನಾವು ರಿಪೇರಿಗೆ ಬಂದ ವಸ್ತುಗಳಲ್ಲ ಅನ್ನೋದು ಅವರ ವಾದ. 2000ದಲ್ಲಿ ಆ ಸಂಘ ನಿಲುವು ಸಡಿಲಿಸಿತು. ಅದೇ ವರ್ಷ ಬಂದ 'ಸೌಂಡ್ ಆ್ಯಂಡ್ ಫ್ಯೂರಿ' ಸಾಕ್ಷ್ಯಚಿತ್ರದಲ್ಲಿ ಒಂದೇ ಮನೆಯ ಅಣ್ಣ ತಮ್ಮ ಈ ವಿಷಯಕ್ಕೆ ಎರಡು ದಿಕ್ಕಾಗುವುದನ್ನು ನೋಡಬಹುದು.

ಪಾಮನಕಲ್ಲೂರಿನಲ್ಲೇ ಕಿವಿ ಕೇಳದ ಒಬ್ಬ ಟೇಲರ್ ಅಣ್ಣ ಇದ್ದಾರೆ. ನಮ್ಮ ಗೆಳೆಯನ ಅಂಗಿ ಹೊಲಿಯೋದು ಅವರೇ. ಆ ಹುಡುಗ ಮೊದಲು ಕೈಸನ್ನೆ ಕಲಿತದ್ದು ಅವರ ಅಂಗಡಿಯಲ್ಲಿ. ಯಂತ್ರ ಬಂದ ಮೇಲೆ ಮನೆಯವರು "ಸನ್ನೆ ಮಾಡಿದ್ರ ಮಾತು ಬರಂಗಿಲ್ಲ" ಎಂದು ಅಲ್ಲಿಗೆ ಕಳಿಸೋದು ನಿಲ್ಲಿಸಿದ್ದರು. ಇದು ನಮಗೆ ಸರಿ ಕಾಣಲಿಲ್ಲ. ಬ್ಯಾಟರಿ ಖಾಲಿಯಾದಾಗ, ಕೆರೆಗೆ ಇಳಿದಾಗ, ರಾತ್ರಿ ಯಂತ್ರ ತೆಗೆದಾಗ ಆ ಹುಡುಗ ಮತ್ತೆ ಕಿವಿ ಕೇಳದವನೇ. ಆಗ ಅವನ ಕೈಯಲ್ಲಿ ಒಂದು ಭಾಷೆ ಇದ್ದರೆ ನಷ್ಟ ಏನು?

ಗೆಳೆಯರು ಏನು ಮಾಡಬಹುದು?

ನಮ್ಮ ಕ್ಯಾಂಪಸ್ಸಿನಲ್ಲೂ ಕಿವಿಯ ಹಿಂದೆ, ಎದೆಯೊಳಗೆ, ಮೊಣಕಾಲಿನಲ್ಲಿ ಯಂತ್ರ ಹೊತ್ತವರು ಇರಬಹುದು. ಅವರ ಗೆಳೆಯರಾಗಿ ನಾವು ಕಲಿತದ್ದು ಇಷ್ಟು:

1. "ರೋಬೋ", "ಸೈಬಾರ್ಗ್" ಎಂದು ಅಡ್ಡಹೆಸರು ಇಡಬೇಡಿ. ನಿಮಗೆ ತಮಾಷೆ, ಅವರಿಗೆ ದಿನವೂ ಕೇಳುವ ಮಾತು.
2. ಕೇಳದೆ ಯಂತ್ರ ಮುಟ್ಟಬೇಡಿ. ಅದು ಗ್ಯಾಜೆಟ್ ಅಲ್ಲ, ಅವರ ಮೈಯ ಭಾಗ.
3. ಕಾಕ್ಲಿಯರ್ ಇಂಪ್ಲಾಂಟ್ ಇದ್ದವರ ಜೊತೆ ಎದುರು ನಿಂತು, ಮುಖ ಕಾಣುವಂತೆ ಮಾತಾಡಿ. ಕಿರುಚಬೇಡಿ. ಕ್ಯಾಂಟೀನ್ ಗಲಾಟೆಯಲ್ಲಿ ಅವರಿಗೆ ಮಾತು ಬಿಡಿಸಿ ಕೇಳೋದು ಕಷ್ಟ.
4. "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಅನ್ನಬೇಡಿ. ಇನ್ನೊಮ್ಮೆ ಹೇಳಿ.
5. ಪ್ರಾಜೆಕ್ಟ್ ವಿಷಯ ಹುಡುಕುತ್ತಿದ್ದೀರಾ? ಬೆವರು ಇಳಿಯದ ಕವಚ, ಸೋಲಾರಿನಲ್ಲಿ ನಡೆಯುವ ಒಣಡಬ್ಬಿ, ಮಗುವಿನ ಅಂಗಿಗೆ ಭದ್ರವಾಗಿ ಸಿಕ್ಕುವ ಕ್ಲಿಪ್ಪು. ಹಳ್ಳಿಯ ಮನೆಗೆ ಬೇಕಾಗಿರೋದು ಇವು.

ಐದನೆಯದನ್ನು ನಾವೇ ಶುರು ಮಾಡಿದೆವು. ಊರಿಂದ ಹೊರಡುವ ಮುಂಚೆ ಒಂದು ದಾರ, ಒಂದು ಕ್ಲಿಪ್ಪು ಸೇರಿಸಿ ಯಂತ್ರವನ್ನು ಹುಡುಗನ ಅಂಗಿಯ ಕಾಲರಿಗೆ ಸಿಕ್ಕಿಸಿಕೊಟ್ಟೆವು. ಕಿತ್ತು ಬಂದರೂ ನೆಲಕ್ಕೆ ಬೀಳಲ್ಲ. ಅಜ್ಜಿ ಎರಡು ಸಲ ಜಗ್ಗಿ ನೋಡಿದರು. ಆಮೇಲೆ "ಹೋಗಲೇ, ಆಡ್ಕೋ" ಎಂದು ಕುಲಾಯಿ ಇಲ್ಲದೆ ಓಣಿಗೆ ಬಿಟ್ಟರು. ಒಬ್ಬ ಹುಡುಗ ಬಿಲ್ಲೆಯನ್ನು ಬೆರಳಿಂದ ಮುಟ್ಟಿದ, ಅದು ಮತ್ತೆ ತಲೆಗೆ ಟಕ್ ಎಂದು ಅಂಟಿತು. ಎಲ್ಲರೂ ನಕ್ಕರು, ಇವನೂ ನಕ್ಕ. ಐದು ನಿಮಿಷದಲ್ಲಿ ಎಲ್ಲರೂ ಅದನ್ನು ಮರೆತು ಟೈರು ಉರುಳಿಸುತ್ತಾ ಓಡಿದರು.

ಅತ್ತಿಗೆಯ ಪ್ರಶ್ನೆಗೆ ಇದು ಪೂರ್ತಿ ಉತ್ತರ ಅಲ್ಲ. ಸಾಲಿಗೆ ಹೋದಾಗ ಯಾರೋ ಜಗ್ಗಬಹುದು, ನಗಬಹುದು. ಅಣ್ಣನ ಗುಳೆಯ ಮಾತೂ ಇನ್ನೂ ತೀರ್ಮಾನ ಆಗಿಲ್ಲ. ಆದರೆ ಹೋದ ವಾರ ಗೆಳೆಯ ಒಂದು ಮೆಸೇಜ್ ತೋರಿಸಿದ. ಮ್ಯಾಪಿಂಗಿಗೆ ಹೋಗಿ ಬಂದ ಅತ್ತಿಗೆ ಕಳಿಸಿದ್ದು, ನಾಲ್ಕೇ ಪದ:

"ಈ ಸಲ ಒಂಬತ್ತು ತಾಸು."